ಬಿಸಿಲಿದ್ದರೆ ಬಾರದ ಕರೆಂಟು

ಬೀದಿಗೇ ಮೊದಲು ಸೋಲಾರ್ ಹಾಕಿಸಿದವರು ತಾವು ಎಂಬ ನಂಜುಂಡಾರಾಧ್ಯರ ಹೆಮ್ಮೆ ತಿಂಗಳೂ ಉಳಿಯಲಿಲ್ಲ. ಮಂಡಿನೋವಿನಿಂದ ಮಹಡಿ ಹತ್ತಲಾಗದ ಅವರು ಇನ್ವರ್ಟರ್ ಪೆಟ್ಟಿಗೆಯ ಮುಂದೆ ಕುರ್ಚಿ ಹಾಕಿಕೊಂಡು ಕಾವಲು ಕೂತರು. ಕಾದಷ್ಟೂ ಅನುಮಾನ ಬಲಿಯಿತು. ಕೊನೆಗೆ ರೇಗಿ ಕಂಪನಿಯ ಮೆಕ್ಯಾನಿಕ್‌ನನ್ನು ಕರೆಸಿದರು.

ಅವನು ಮೇಲೆ ಹೋಗಿ ನೋಡಿ ಇಳಿದು ಬಂದ. "ಎಲ್ಲಾ ಸರಿಯಾಗಿದೆ ಸಾರ್. ಇಷ್ಟು ಮೋಡ ಇದ್ರೂ ಕರೆಂಟ್ ಬರ್ತಾ ಇದೆ."

"ಅದೇ ಕಣಯ್ಯ ನಾನು ಹೇಳ್ತಿರೋದು! ಮೋಡ ಇದ್ದ ದಿನ ಬರುತ್ತೆ. ಸುಡುಸುಡು ಬಿಸಿಲಿದ್ದ ದಿನ ತಿಂಡಿ ಮುಗಿಯೋ ಹೊತ್ತಿಗೆ ಸತ್ತೇ ಹೋಗುತ್ತೆ."

"ಹಂಗಾಗಲ್ಲ ಸಾರ್. ಬಿಸಿಲು ಏರಿದಷ್ಟೂ ಜಾಸ್ತಿ ಬರಬೇಕು."

"ಬರುತ್ತೆ, ಪಕ್ಕದ ಮನೆಗೆ!" ಆರಾಧ್ಯರು ದನಿ ತಗ್ಗಿಸಿದರು. "ಆವಯ್ಯ ದಿನಾ ಅವರ ಮಹಡಿ ಮೇಲೆ ನಿಂತು, ನಮ್ಮ ಮಹಡಿ ಕಡೆ ನೋಡ್ಕೊಂಡು ನಗ್ತಾನಂತೆ. ಕಳ್ಳ ವೈರು ಎಳೆದಿರಬೇಕು."

"ಯಾವ ವೈರೂ ಇಲ್ಲ ಸಾರ್, ನಾನೇ ನೋಡಿದೆ."

"ಹಾಗಾದ್ರೆ ನೀನೂ ಅವನ ಕಡೆಯವನೇ! ಇಲ್ಲಾ, ಈ ಸೋಲಾರ್ ಅನ್ನೋದೇ ದೊಡ್ಡ ಮೋಸ. ಈಗಿಂದೀಗ್ಲೇ ಎಲ್ಲಾ ಬಿಚ್ಕೊಂಡು ಹೋಗು!"

ಆ ಕೂಗು ಕೇಳಿ, ಮೆಕ್ಯಾನಿಕ್‌ಗೆಂದು ಹಪ್ಪಳ ಕರಿಯುತ್ತಿದ್ದ ಹೆಂಡತಿ ಗಿರಿಜಮ್ಮ ತಟ್ಟೆ ಹಿಡಿದೇ ಓಡಿ ಬಂದರು.

"ಅಯ್ಯೋ, ಬಿಚ್ಚಿಸಬೇಡ್ರೀ! ಅದರ ಮೇಲೆ ಹರವಿದ್ರೆ ಹಪ್ಪಳ ಒಂದೇ ಬಿಸಿಲಿಗೆ ಗರಿಗರಿ ಒಣಗುತ್ತೆ."