ಗಾಳೆವ್ವನ ಪುಟ

ಆ ಕಾಲದಲ್ಲಿ ಅಂತರ್ಜಾಲದ ವಿಶ್ವಕೋಶದಿಂದ ಅಳಿಸಿದ್ದು ಹೊತ್ತು ಮುಳುಗುವುದರೊಳಗೆ ಜನರ ನೆನಪಿನಿಂದಲೂ ಹೋಗಿಬಿಡುತ್ತಿತ್ತು. ಹಾಗಾಗಿ ಗದಗಿನ ಗ್ರಂಥಾಲಯದ ಮಹಡಿಯಲ್ಲಿ ಖಾತೂನಬಿ, ಅಳಿಸಿದ್ದನ್ನು ಮತ್ತೆ ಬರೆಯಲು ಹೊಸದಾಗಿ ಬಂದವರಿಗೆ ಚಹಾ ಕೊಟ್ಟು, ಪಕ್ಕದಲ್ಲೇ ಕೂತು ಕಲಿಸುತ್ತಿದ್ದಳು.

ಅಂದು ಬಸ್ ಕಂಡಕ್ಟರ್ ಯಮನೂರಪ್ಪ ಓಡಿಬಂದ. ಹತ್ತಿ ಗಿರಣಿಯ ಮುಷ್ಕರದಲ್ಲಿ ಗುಂಡೇಟಿಗೆ ಸತ್ತ ಅವನ ತಾಯಿ ಗಾಳೆವ್ವನ ಪುಟವನ್ನು ಸರ್ಕಾರದ ಅಳಿಸುವ ಕಚೇರಿ ಬೆಳಿಗ್ಗೆಯೇ ತೆಗೆದುಹಾಕಿತ್ತು.

"ಅಕ್ಕಾ, ಅವ್ವನ ದನಿ ಆಗಲೇ ಮರತೈತ್ರಿ."

"ಮುಖ ನೆನಪೈತಿಲ್ಲೋ? ಕೂಡ್ರು, ಬರಿ. ಪೇಪರಿನ್ಯಾಗ ಬಂದಿದ್ದ ಸುದ್ದಿನೂ ಆಧಾರಕ್ಕ ಹಾಕು."

ಅವನು ಒಂದೊಂದೇ ಅಕ್ಷರ ಒತ್ತಿ ಬರೆದ. ಕಚೇರಿ ಅಳಿಸಿತು. ಮತ್ತೆ ಬರೆದ, ಮತ್ತೆ ಅಳಿಸಿತು. ಅವನ ಕೈ ಸೋತಿತು.

"ಇವರ ಕೂಡ ಗೆಲ್ಲಾಕ ಆಗತೈತೇನಕ್ಕಾ?"

"ಅವರು ಪಗಾರಕ್ಕ ಅಳಸ್ತಾರ. ಐದು ಬಡೀತಂದ್ರ ಎದ್ದು ಮನಿಗೆ ಹೋಗ್ತಾರ. ನಾವು ಹೋಗೂದಿಲ್ಲ. ಬರಿ!"

ಮಧ್ಯಾಹ್ನ ಕಳೆಯುವಷ್ಟರಲ್ಲಿ ಅವನಿಗೆ ತಾಯಿಯ ಮುಖವೂ ಮರೆತುಹೋಯಿತು. ಉಳಿದದ್ದು ಹೆಸರೊಂದೇ. ಅದನ್ನೇ ಹಲ್ಲುಕಚ್ಚಿ ಹಿಡಿದು, ಅವಳು ಸತ್ತ ಬಗೆಯನ್ನು ಆ ಸುದ್ದಿಯಿಂದಲೇ ಎತ್ತಿ ಬರೆದ. ಅಷ್ಟರಲ್ಲಿ ಐದು ಬಡಿದು ಕಚೇರಿ ಮುಚ್ಚಿತ್ತು, ಪುಟ ಉಳಿಯಿತು. ಹೊತ್ತು ಮುಳುಗುವಾಗ, ಮಗ್ಗುಲಲ್ಲಿ ಮಲಗಿಸಿಕೊಂಡು ಬೈಯುತ್ತಿದ್ದ ಅವ್ವ ಪೂರ್ತಿಯಾಗಿ ನೆನಪಾದಳು. ಅವನು ಗಳಗಳ ಅತ್ತ.

"ನಾಳೆ ಮತ್ತ ಅಳಸ್ತಾರಲ್ಲಕ್ಕಾ?"

"ಅಳಸ್ತಾರ."

ಯಮನೂರಪ್ಪ ಕಣ್ಣೊರೆಸಿಕೊಂಡು ಎದ್ದ. "ನಮ್ಮ ಡಿಪೋದಾಗ ಗಿರಣಿ ಮಂದಿ ಮಕ್ಕಳು ಭಾಳ ಅದಾರ. ಕುರ್ಚಿ ಹಾಕಿಸಿಡ್ರಿ, ಎಲ್ಲಾರ್ನೂ ಕರಕೊಂಡು ಬರ್ತೀನಿ."