ಟ್ರಾಮಿನ ಆ ತುದಿಯ ಸೀಟು

ಹೊಸ ವಾರ್ನಿಷ್ ವಾಸನೆ ಬಂದರೆ ಇವತ್ತಿಗೂ ನನ್ನ ಕೈ ಗಂಟೆಯ ಹಗ್ಗ ಹುಡುಕುತ್ತದೆ.

ಪ್ಲೇಗಿನ ವರ್ಷ, ಪುಣೆಯ ನಮ್ಮ ಮನೆಯಲ್ಲಿ ಇಲಿ ಸತ್ತು ಬಿದ್ದ ಮರುದಿನವೇ ಅಪ್ಪ, "ರಜಾಕ್ಕ ಹೋಗೂಣು, ಟ್ರಾಮಿನಾಗ ಇರೂಣು ನಡೀರಿ" ಎಂದು ನಮ್ಮನ್ನು ದೌಂಡದ ಕಡೆ ಕರೆದೊಯ್ದರು. ಮುಂಬಯಿಯಲ್ಲಿ ಕುದುರೆಗಳು ಎಳೆಯುತ್ತಿದ್ದ ಹಳೆಯ ಟ್ರಾಮು ಅದು. ಅಪ್ಪನ ಗೆಳೆಯರು ಅದನ್ನು ಕೊಂಡು, ರಿಪೇರಿ ಮಾಡಿಸಿ, ವಾರ್ನಿಷ್ ಬಳಿಸಿ ತಮ್ಮ ಕಬ್ಬಿನ ಹೊಲದಲ್ಲಿ ನಿಲ್ಲಿಸಿದ್ದರು. ಸೀಟುಗಳ ಬೆನ್ನು ಎರಡೂ ಕಡೆ ಮಗುಚುತ್ತಿತ್ತು. ಗಾಡಿ ಯಾವ ಕಡೆ ಹೊರಟರೂ ಜನ ಆ ಕಡೆಗೇ ಮುಖ ಮಾಡಿ ಕೂರಬಹುದಿತ್ತು.

ಒಂದು ಮಧ್ಯಾಹ್ನ ಅವ್ವನ ಮೈ ಕಾದಿತು. ಅವಳೇ ಎದ್ದು ಆ ತುದಿಗೆ ಹೋಗಿ, ನಮ್ಮ ಕಡೆ ಮುಖ ಮಾಡಿ ಕೂತಳು. ಅಜ್ಜಿ ನಡುವೆ ಅಡ್ಡವಾಗಿ ಹುರಿ ಕಟ್ಟಿದಳು.

"ಅದು ಫಸ್ಟ್ ಕ್ಲಾಸ್. ದಾಟಿದೆಂದ್ರ ಕಾಲು ಮುರೀತೀನಿ ನೋಡು."

ನಾನು ಬೇವಿನ ಎಲೆಯ ಟಿಕೀಟು ಹಿಡಿದು ಹುರಿಯ ಕೆಳಗೆ ನುಸುಳಿದೆ.

"ಅಲ್ಲೇ ನಿಂದರು!"

ಅವ್ವ ಎಂದೂ ಹಾಗೆ ಕಿರುಚಿದವಳಲ್ಲ. ಕಷ್ಟಪಟ್ಟು ಎದ್ದು, ಸೀಟಿನ ಬೆನ್ನನ್ನು ಧಡಕ್ಕನೆ ಮಗುಚಿ, ಕಬ್ಬಿನ ಕಡೆ ಮುಖ ಮಾಡಿ ಕೂತಳು.

"ಅವ್ವಾ, ನಿನ್ನ ಗಾಡಿ ಆ ಕಡೆ ಹೊಂಟದೇನು?"

"ಹೂಂ ಬಂಗಾರಾ. ನೀ ಅಲ್ಲಿಂದನ ಗಂಟಿ ಬಾರಸು."

ಟ್ರಾಮಿನ ಗಂಟೆಯ ಹಗ್ಗ ಜಗ್ಗಿ ಕತ್ತಲಾಗುವ ತನಕ ಬಾರಿಸಿದೆ. ದಿನವೂ ಸದ್ದಿಗೆ ಗದರುತ್ತಿದ್ದ ಅಜ್ಜಿ ಅಂದು ತಡೆಯಲಿಲ್ಲ.

ಊರಿಗೆ ಮರಳುವ ದಿನ ಅಪ್ಪ ಹುರಿ ಬಿಚ್ಚಿದರು. ಆಮೇಲೆ ಅವ್ವನ ಖಾಲಿ ಸೀಟು ನಮ್ಮ ಕಡೆ ಮುಖ ಮಾಡುವಂತೆ, ಸದ್ದಾಗದ ಹಾಗೆ, ಅದರ ಬೆನ್ನನ್ನು ಮೆಲ್ಲಗೆ ಮಗುಚಿದರು.