ಗಲ್ಲಾದಲ್ಲಿ ಕೂತ ಡೈರೆಕ್ಟರ್

“ಉಠೋ ಮತ್, ಆಂಟಿ”, ಏಳಬೇಡಿ, ಎಂದು ಆಡಿಟರ ಕಡೆಯ ಹುಡುಗಿ ಮಾನಸಿ ಫೋನನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು ಹೇಳಿದಾಗ ಗಂಗಾ ಗಲ್ಲಾದ ಕುರ್ಚಿಯಲ್ಲಿ ಕೂತು ಒಂದು ನಿಮಿಷವೂ ಆಗಿರಲಿಲ್ಲ. ಮುಂಬೈ ಬಳಿಯ ಡೊಂಬಿವಲಿ ಸ್ಟೇಷನ್ನಿನ ಎದುರಿನ ಆ ಉಡುಪಿ ಹೋಟೆಲಿನಲ್ಲಿ ಮನೆಯ ಹೆಂಗಸೊಬ್ಬಳು ದುಡ್ಡಿನ ಪೆಟ್ಟಿಗೆಯ ಮುಂದೆ ಕೂತದ್ದು ಅದೇ ಮೊದಲು. ಹಬ್ಬಕ್ಕೋ ಹುಟ್ಟುಹಬ್ಬಕ್ಕೋ ಬಂದರೆ ಹಿಂದಿನ ಫ್ಯಾಮಿಲಿ ರೂಮಿನಲ್ಲಿ ಮಸಾಲೆ ದೋಸೆ ತಿಂದು, ಪಕ್ಕದ ಬಾಗಿಲಿನಿಂದ ಹೊರಟುಹೋಗುವುದು ಆ ಮನೆಯ ಕ್ರಮ.

ಹಾಗೆಂದು ಗಂಗಾ ಸಾಮಾನ್ಯಳೇನಲ್ಲ, ಡೈರೆಕ್ಟರ್. ಹೋಟೆಲನ್ನು ಕಂಪೆನಿ ಮಾಡುವಾಗ ಇಬ್ಬರು ಬೇಕೆಂದು ಗಂಡ ಪುಂಡರೀಕಾಕ್ಷ ರಾಯರು ಅವಳಿಂದ ಸಹಿ ಹಾಕಿಸಿಕೊಂಡಿದ್ದರು. ಆಮೇಲೆ ಕಂಪೆನಿ ಅವಳನ್ನು ಮರೆಯಿತು, ಅವಳೂ ಕಂಪೆನಿಯನ್ನು ಮರೆತಳು. ಈಗ ನೋಡಿದರೆ ಡೈರೆಕ್ಟರುಗಳು ಬರೀ ಕಾಗದದಲ್ಲಿ ಇದ್ದರೆ ಸಾಲದಂತೆ. ಹೇಳಿದ ವಿಳಾಸದಲ್ಲಿ, ಕೆಲಸದ ಜಾಗದಲ್ಲಿ ಕೂತು, ವೀಡಿಯೊದಲ್ಲಿ ಮುಖ ತೋರಿಸಿ ಗುರುತು ಖಾತ್ರಿ ಮಾಡಿಸಿಕೊಳ್ಳಬೇಕಂತೆ. ಆಡಿಟರ ಆಫೀಸಿನಿಂದ ಮಾನಸಿ ಬಂದದ್ದು ಅದಕ್ಕೇ. ರಾಯರದ್ದು ಆಗಲೇ ಮುಗಿದಿತ್ತು.

ರಾಯರಿಗೆ ಅವಸರ. ಕಲ್ಯಾಣದವನೊಬ್ಬ ಸಂಜೆ ಅಗ್ರಿಮೆಂಟ್ ಹಿಡಿದು ಬರುವವನಿದ್ದ. ಹೋಟೆಲನ್ನು ಅವನಿಗೆ ಕಂಡಕ್ಟಿಂಗ್‌ಗೆ ಕೊಡುವುದೆಂದು ಅವರು ಮನಸ್ಸಿನಲ್ಲೇ ತೀರ್ಮಾನಿಸಿಬಿಟ್ಟಿದ್ದರು. ಬೋರ್ಡು ಇವರದ್ದು, ನಡೆಸುವುದು ಅವನು. ಎದೆಯಲ್ಲಿ ಸ್ಟೆಂಟ್ ಹಾಕಿಸಿಕೊಂಡ ಮೇಲೆ ಬೆಳಗಿನಿಂದ ರಾತ್ರಿಯವರೆಗೆ ಗಲ್ಲಾದಲ್ಲಿ ಕೂರಬೇಡಿ ಎಂದು ಡಾಕ್ಟರು ಹೇಳಿದ್ದರು. ಮಗಳು ಅಮೂಲ್ಯಾಳಿಗೆ ಐರೋಲಿಯ ನೌಕರಿಯೇ ಕೈತುಂಬ ಆಗಿತ್ತು. ಇನ್ಯಾರಿದ್ದಾರೆ? ಈ ಸುದ್ದಿಯಾದರೂ ಗಂಗಾಗೆ ತಿಳಿದದ್ದು ಗಂಡನಿಂದಲ್ಲ. ಕುರ್ಚಿಯಲ್ಲಿ ಕೂರಿಸುವಾಗ ಮಾನಸಿಯೇ, ನಿಮ್ಮಿಬ್ಬರ ವೆರಿಫಿಕೇಶನ್ ಆಗಿ, ಇಬ್ಬರೂ ಸಹಿ ಹಾಕಿದರೆ ಮಾತ್ರ ಅಗ್ರಿಮೆಂಟ್ ಎಂದು ಬಾಯಿಬಿಟ್ಟಿದ್ದಳು. ಗಂಗಾಗೆ ಬೇಡ ಎನ್ನುವ ಮನಸ್ಸು. ಆದರೆ ಬೇಡ ಎಂದರೆ ನಡೆಸುವವರು ಯಾರು?

ಅಷ್ಟರಲ್ಲಿ ಫೋನು ಕೈಕೊಟ್ಟಿತು. ಒಳಗೆ ಲೊಕೇಶನ್ ಸಿಗುತ್ತಿಲ್ಲವೆಂದು ಮಾನಸಿ ಫುಟ್‌ಪಾತಿಗೆ ಇಳಿದು, ಅಲ್ಲಿಂದಲೇ ಗಲ್ಲಾದ ಕಡೆ ಕ್ಯಾಮೆರಾ ಹಿಡಿದು ನಿಂತಳು. ಅದೇ ಹೊತ್ತಿಗೆ ಲೋಕಲ್ ರೈಲು ಬಂದು ಸಂಜೆಯ ಗಿರಾಕಿಗಳು ನುಗ್ಗಿದರು. ರಾಯರು ಪೆಟ್ಟಿಗೆಗೆ ಕೈಹಾಕಲು ಬಂದರೆ ಹೊರಗಿನಿಂದ ಮಾನಸಿ ಕೂಗಿದಳು: “ಅಂಕಲ್, ಆಪ್ ಫ್ರೇಮ್ ಮೇ ಆ ರಹೇ ಹೋ. ಸೈಡ್ ಹೋ ಜಾವೋ.” ಮೂವತ್ತು ವರ್ಷ ಇಡೀ ಹೋಟೆಲನ್ನು ಸೈಡಿಗೆ ಸರಿಸಿದ ಮನುಷ್ಯ ತೆಪ್ಪಗೆ ಕೈತೊಳೆಯುವ ಬೇಸಿನ್ನಿನ ಹತ್ತಿರ ಹೋಗಿ ನಿಂತರು.

ಗಿರಾಕಿಗಳು ಕಾಯುತ್ತಾರೆಯೇ? ಮೊದಲನೆಯವನು ಬಿಲ್ಲು ಚಾಚಿದ. ಗಂಗಾ ಗಂಡನ ಮುಖ ನೋಡಿದಳು; ಅವರು ದೂರದಿಂದ ಏನೋ ಸನ್ನೆ ಮಾಡಿದರು, ಅರ್ಥವಾಗಲಿಲ್ಲ. ಅವಳೇ ತೆಗೆದುಕೊಂಡಳು. ಗಡಿಬಿಡಿಯಲ್ಲಿ ಒಬ್ಬರ ಚಿಲ್ಲರೆಯನ್ನು ಹಿಂದಿದ್ದ ಮುದುಕನಿಗೆ ಕೊಟ್ಟಳು. ಆ ಮುದುಕ “ಸಾವಕಾಶ್, ಕಾಕೂ” ಎಂದು ನಕ್ಕು ಹಿಂದಕ್ಕೆ ಕೊಟ್ಟ. ಆಮೇಲೆ ಚಿಲ್ಲರೆ ತಪ್ಪಲಿಲ್ಲ. ದೋಸೆ ತಡವಾಯಿತೆಂದು ಗಿರಾಕಿಯೊಬ್ಬ ಮಾಣಿ ವಿಶಾಲನ ಮೇಲೆ ಹಾರಾಡುತ್ತಿದ್ದ. ರಾಯರಾಗಿದ್ದರೆ ಗಿರಾಕಿಗಿಂತ ಜೋರಾಗಿ ವಿಶಾಲನನ್ನೇ ಬಯ್ಯುತ್ತಿದ್ದರು. ತಾವಿದ್ದ ಹೌಸಿಂಗ್ ಸೊಸೈಟಿಯಲ್ಲಿ ನೀರಿನ ಜಗಳಗಳನ್ನೆಲ್ಲ ಬಿಡಿಸಿದ ಗಂಗಾ ಆ ಗಿರಾಕಿಯನ್ನು ಹತ್ತಿರ ಕರೆದು, ಆಫೀಸು ಎಲ್ಲಿ, ಬೆಳಿಗ್ಗೆ ಎಷ್ಟಕ್ಕೆ ಮನೆ ಬಿಟ್ಟದ್ದು ಎಂದು ಮರಾಠಿಯಲ್ಲಿ ವಿಚಾರಿಸಿದಳು. ಅವನು ದೋಸೆ ತಿಂದು, ಮನೆಗೂ ಎರಡು ಕಟ್ಟಿಸಿಕೊಂಡು ಹೋದ. ಗಂಗಾಗೆ ಒಳಗೊಳಗೇ ಖುಷಿಯಾಯಿತು. ಇಷ್ಟು ಖುಷಿಪಟ್ಟು ಎಷ್ಟು ಕಾಲವಾಗಿತ್ತೋ.

ಮಾನಸಿ ಒಳಬಂದು, ಇಬ್ಬರದ್ದೂ ವೆರಿಫೈ ಆಯಿತೆಂದು ಹೇಳಿ, ಕೊಟ್ಟ ಕಾಫಿ ಕುಡಿದು ಹೋದಳು. ರಾಯರು ಬೇಸಿನ್ನಿನ ಹತ್ತಿರದಿಂದ ಬಂದರು.

“ಆಯ್ತಲ್ಲ ಮಾರಾಯ್ತಿ, ಏಳು ಇನ್ನು. ಅವ ಬರುವ ಹೊತ್ತಾಯ್ತು.”

“ನಾನು ಏಳುದಿಲ್ಲ” ಎಂದಳು ಗಂಗಾ. ದನಿ ಸಣ್ಣದಾಗಿಯೇ ಇತ್ತು. “ಸಹಿಯೂ ಹಾಕುದಿಲ್ಲ.”

“ಮತ್ತೆ ಇದನ್ನು ನಡೆಸುದು ಯಾರು?”

“ನೋಡ್ಲಿಲ್ವಾ ಈಗ? ತಪ್ಪಿದ್ರೆ ನೀವು ಹೇಳಿಕೊಡಿ. ಬೇರೆಯವರಿಗೆ ಮಾತ್ರ ಬೇಡ.”

ರಾಯರು ಬಾಯಿ ತೆರೆದರು. ಹಿಂದಿದ್ದ ಗಿರಾಕಿ ಬಿಲ್ಲು ಮುಂದೆ ಚಾಚಿದ್ದರಿಂದ ಸರಿದು ನಿಲ್ಲಬೇಕಾಯಿತು. ನಿಲ್ಲುವುದಕ್ಕೂ ಜಾಗವಿಲ್ಲದೆ ಮೂಲೆಯ ಖಾಲಿ ಟೇಬಲ್ಲಿನಲ್ಲಿ ಕೂತರು. ತಮ್ಮದೇ ಹೋಟೆಲಿನಲ್ಲಿ ಗಿರಾಕಿಯ ಹಾಗೆ ಅವರು ಎಂದೂ ಕೂತವರಲ್ಲ. ವಿಶಾಲ ಒಂದು ಗಳಿಗೆ ತಬ್ಬಿಬ್ಬಾಗಿ, ಆಮೇಲೆ ಟೇಬಲ್ ಒರೆಸಿ, ನೀರಿಟ್ಟು, ಬಿಸಿ ಇಡ್ಲಿ ತಂದ. ಇಡ್ಲಿ ಮುರಿಯುತ್ತ ರಾಯರು ಗಲ್ಲಾದ ಕಡೆಗೇ ನೋಡುತ್ತಿದ್ದರು. ಅಲ್ಲಿ ಗಂಗಾ ಯಾರದೋ ಮಗುವಿಗೆ ಸೋಂಪು ಕೊಡುತ್ತಿದ್ದಳು. ಎದೆಯ ಮೇಲಿಂದ ಯಾರೋ ಭಾರ ಇಳಿಸಿದಂತೆ ಅವರಿಗೆ ಹಗುರವೆನಿಸಿತು. ಫೋನು ತೆಗೆದು ಎರಡೇ ಮಾತಿನಲ್ಲಿ ಕಲ್ಯಾಣದವನಿಗೆ ಬರಬೇಡ ಎಂದರು.

ಆಮೇಲೆ ಕೈತೊಳೆದು, ಗಲ್ಲಾದ ಮುಂದಿದ್ದ ಸಾಲಿನಲ್ಲಿ ಇಬ್ಬರು ಗಿರಾಕಿಗಳ ಹಿಂದೆ ನಿಂತುಕೊಂಡರು. ತಮ್ಮ ಸರದಿ ಬಂದಾಗ ಕೇಳಿದರು:

“ನಾಳೆ ನಾನು ಎಷ್ಟು ಗಂಟೆಗೆ ಬರ್ಬೇಕು?”